ಬೋರರ್ ತಿಂದ ಗಿಡದಲ್ಲಿ ಕಾಫಿ ಕುಯ್ಯುವ ಹೆಂಗಸು

ಜನವರಿ ಕೊನೆ

ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ ಪರಿಚಯದವರ ತೋಟ. ಗೇಟಿನ ಕೀಲು ಮುರಿದಿದೆ ಎಂದು ಫೋನ್ ಬಂದಿತ್ತು, ವೆಲ್ಡಿಂಗ್ ಸೆಟ್ಟನ್ನು ಜೀಪಿಗೆ ಹಾಕಿಕೊಂಡು ಹೋಗಿದ್ದೆ. ಕೆಲಸ ಮುಗಿಸಿ ಹೊರಡುವಾಗ ಕಣದ ಪಕ್ಕದಲ್ಲಿ ಬೇರುಸಮೇತ ಕಿತ್ತು ರಾಶಿ ಹಾಕಿದ್ದ ಅರೇಬಿಕಾ ಕಾಫಿ ಗಿಡಗಳು ಕಂಡವು. ಎಲ್ಲವೂ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಹೊಡೆದವು. ಕುಯ್ಲು ಮುಗಿದ ಮೇಲೆ ಗಿಡ ಗಿಡವನ್ನೂ ನೋಡಿ, ಕಾಂಡದ ಮೇಲೆ ಉಬ್ಬುಗೆರೆ ಇದ್ದದ್ದನ್ನೆಲ್ಲ ಕೀಳಿಸಿದ್ದರು. ಸುಡುವುದೊಂದೇ ಬಾಕಿ.

ಒಂದು ಕಾಂಡ ಉದ್ದಕ್ಕೆ ಸೀಳಿಹೋಗಿತ್ತು. ಎತ್ತಿ ನೋಡಿದೆ. ಕಾಫಿ ಮರದ ಬಣ್ಣ ಕೆನೆಯ ಹಾಗೆ ತಿಳಿ, ನೂಲು ಒತ್ತೊತ್ತು. ಅದರೊಳಗೆ ಹುಳು ಕೊರೆದ ದಾರಿಗಳು ಒಂದನ್ನೊಂದು ಬಳಸಿಕೊಂಡು ಮೇಲಿಂದ ಬೇರಿನವರೆಗೆ ಇಳಿದಿದ್ದವು. ದಾರಿ ಖಾಲಿ ಇರಲಿಲ್ಲ. ಹುಳು ತಿಂದು ಬಿಟ್ಟ ಹಿಟ್ಟಿನಂಥ ಪುಡಿಯನ್ನು ಗಟ್ಟಿಯಾಗಿ ತುಂಬಿಕೊಂಡೇ ಮುಂದೆ ಹೋಗಿದೆ. ಬೆರಳಿಂದ ಒತ್ತಿದರೆ ಗೋಡೆಗೆ ಗಾರೆ ಮೆತ್ತಿದಷ್ಟು ಬಿಗಿ. ಬಿಳಿ ಕಾಂಡಕೊರಕ ಒಂದು ಗಿಡದೊಳಗೆ ಹತ್ತಿರ ಹತ್ತಿರ ಒಂದು ವರ್ಷ ಹೀಗೆ ಬದುಕುತ್ತದೆ. ಹೊರಗಿನಿಂದ ನಮಗೆ ಕಾಣುವುದು ತೊಗಟೆಯ ಮೇಲಿನ ಉಬ್ಬು, ಹಳದಿಗೆ ತಿರುಗಿದ ಎಲೆ, ಕೊನೆಗೆ ದುಂಬಿ ಹೊರಬಿದ್ದ ದುಂಡನೆಯ ತೂತು.

ಮಡಿಕೇರಿಯಲ್ಲಿ ಒಂದು ಮ್ಯೂಸಿಯಂನವರು ವರ್ಷದ ಕೊನೆಗೆ ಪ್ರದರ್ಶನ ಇಡುತ್ತಾರೆ, ಕಲ್ಲು, ಕಂಚು, ತೇಗ ಬಿಟ್ಟು ಬೇರೆ ಯಾವುದರಿಂದಲಾದರೂ ಮಾಡಿದ ಶಿಲ್ಪ ಬೇಕಂತೆ ಎಂದು ಗೆಳೆಯರೊಬ್ಬರು ಆ ಹಿಂದಿನ ವಾರವಷ್ಟೇ ಹೇಳಿದ್ದರು. ನಾನು ಗುಜರಿ ಕಬ್ಬಿಣದಲ್ಲಿ ಏನಾದರೂ ಮಾಡೋಣ ಎಂದುಕೊಂಡಿದ್ದೆ. ಗೇರ್ ಚಕ್ರ, ಬೈಕ್ ಚೈನು ಜೋಡಿಸಿದ ನವಿಲು, ಕುದುರೆಗಳನ್ನು ಹೆದ್ದಾರಿ ಬದಿಯಲ್ಲಿ ಸಾಕಷ್ಟು ನೋಡಿದ್ದೇವೆ. ಅವನ್ನು ನೋಡಿದಾಗ ನನಗೆ ಏಳುವ ಪ್ರಶ್ನೆ ಒಂದೇ: ನವಿಲಿಗೂ ಬೈಕ್ ಚೈನಿಗೂ ಏನು ಸಂಬಂಧ? ಕಬ್ಬಿಣ ಇತ್ತು, ಆದ್ದರಿಂದ ಮಾಡಿದರು. ಆ ಸೀಳಿದ ಕಾಂಡ ಕೈಯಲ್ಲಿ ಹಿಡಿದಾಗ ಮಾತ್ರ ಇದರಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಈ ಗಿಡದ ಮುಂದೆ ನಲವತ್ತು ವರ್ಷ ನಿಂತವರು ಯಾರೋ ಅವರನ್ನೇ ಮಾಡಬೇಕು. ನನ್ನ ದೊಡ್ಡಮ್ಮ ಹಾಗೆ ನಿಂತವರು. ಅಮ್ಮನೂ.

ತೋಟದವರನ್ನು ಕೇಳಿದೆ. ಅವರು ತಕ್ಷಣ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ಕಿತ್ತ ಗಿಡದೊಳಗೂ ಹುಳು ಬೆಳೆಯುತ್ತಲೇ ಇರುತ್ತದೆ, ಏಪ್ರಿಲ್ ಬಂತೆಂದರೆ ದುಂಬಿಯಾಗಿ ಹಾರುತ್ತದೆ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಸಲ. ಹಾಗಾಗಿಯೇ ಸುಡುವುದು.

“ನೀನು ಇದನ್ನ ಸುಂಟಿಕೊಪ್ಪಕ್ಕೆ ತಗೊಂಡೋಗಿ ನಿನ್ನ ವೆಲ್ಡಿಂಗ್ ಶಾಪಿನ ಹಿಂದೆ ಪೇರಿಸಿಟ್ಟರೆ, ಸುತ್ತಲಿನ ಅರೇಬಿಕಾಕ್ಕೆಲ್ಲ ನೀನೇ ಬೋರರ್ ಹಂಚಿದ ಹಾಗೆ” ಅಂದರು.

“ಹುಳು ಸಾಯೋವರೆಗೂ ಒಂದು ಕಡ್ಡಿನೂ ನಿಮ್ಮ ತೋಟ ದಾಟಲ್ಲ ಅಣ್ಣ” ಅಂದೆ.

54 ಕಾಂಡ ಆರಿಸಿಕೊಂಡೆ. ಮಿಕ್ಕಿದ್ದಕ್ಕೆ ಅವತ್ತು ಸಂಜೆಯೇ ಬೆಂಕಿ ಬಿತ್ತು.

ಫೆಬ್ರವರಿ: ಹುಳು ಕೊಲ್ಲುವುದು

ತೋಟದಲ್ಲಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ಮುಗಿದು ತೊಟ್ಟಿ ಖಾಲಿ ಇತ್ತು. ಬೇರು, ರೆಕ್ಕೆ (ಗಿಡದ ಅಡ್ಡ ಕೊಂಬೆ) ಎಲ್ಲ ಕತ್ತರಿಸಿ, ಕಾಂಡಗಳನ್ನು ಅದರಲ್ಲಿ ಮುಳುಗಿಸಿ, ತೇಲದ ಹಾಗೆ ಮೇಲೆ ಹಲಗೆ, ಹಲಗೆ ಮೇಲೆ ಕಲ್ಲು ಹೇರಿದೆ. ಹತ್ತು ದಿನ. ಮೂರನೆಯ ದಿನಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿತು, ಏಳನೆಯ ದಿನಕ್ಕೆ ವಾಸನೆ. ಹತ್ತನೆಯ ದಿನ ಎರಡು ಕಾಂಡ ಸೀಳಿ ನೋಡಿದೆ. ಒಳಗಿದ್ದ ಹುಳುಗಳು ಸತ್ತು ಮೆತ್ತಗಾಗಿದ್ದವು. ಎರಡು ಕಾಂಡ ನೋಡಿ 52ರ ಬಗ್ಗೆ ಮಾತು ಕೊಡಲು ಮನಸ್ಸು ಒಪ್ಪಲಿಲ್ಲ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಲಂಟಾನ ಕಡ್ಡಿಯ ಆನೆಗಳನ್ನು ಇಟ್ಟಿದ್ದರು, ನೀಲಗಿರಿ ಕಡೆಯ ಬುಡಕಟ್ಟಿನವರು ಕಟ್ಟಿದ್ದು. ನಿಜವಾದ ಆನೆಯ ಅಳತೆ. ಅರ್ಧ ದಿನ ಅಲ್ಲೇ ಸುತ್ತಿದ್ದೆ. ಕಾಡನ್ನೇ ನುಂಗುವ ಲಂಟಾನದಿಂದಲೇ, ಆ ಲಂಟಾನದಿಂದಾಗಿ ಮೇವು ಕಳೆದುಕೊಂಡ ಆನೆಯನ್ನು ಮಾಡಿದ್ದರು. ವಸ್ತುವಿಗೂ ರೂಪಕ್ಕೂ ಸಂಬಂಧ ಅಂದರೆ ಅದು. ಲಂಟಾನ ಕೆಲಸದಲ್ಲಿ ಕಡ್ಡಿಯನ್ನು ನೀರಿನಲ್ಲಿ ಕುದಿಸುತ್ತಾರೆ. ತೊಗಟೆ ಸುಲಭವಾಗಿ ಬಿಡುತ್ತದೆ, ಬಿಸಿ ಇರುವಾಗ ಬಗ್ಗಿಸಬಹುದು. ನನಗೆ ಬಗ್ಗಿಸುವುದು ಬೇಕಿರಲಿಲ್ಲ, ಕುದಿಸುವುದು ಬೇಕಿತ್ತು.

ಹೊರದೇಶಕ್ಕೆ ಸಾಮಾನು ಕಳಿಸುವ ಮರದ ಪೆಟ್ಟಿಗೆಗಳಿಗೆ ಒಂದು ನಿಯಮವಿದೆ: ಮರದ ತಿರುಳಿನವರೆಗೂ 56 ಡಿಗ್ರಿ ಶಾಖ ತಲುಪಬೇಕು, 30 ನಿಮಿಷ ಹಾಗೇ ಇರಬೇಕು. ಅದನ್ನೇ ಅಳತೆಯಾಗಿ ಇಟ್ಟುಕೊಂಡೆ. 200 ಲೀಟರಿನ ಎರಡು ಡ್ರಮ್ಮನ್ನು ಉದ್ದಕ್ಕೆ ಸೀಳಿ, ಜೋಡಿಸಿ ಬೆಸುಗೆ ಹಾಕಿ ದೋಣಿಯಂತೆ ಮಾಡಿದೆ. ಎಲ್ಲಕ್ಕಿಂತ ದಪ್ಪದ ಕಾಂಡ 9 ಸೆಂಟಿಮೀಟರ್. ಅದರ ನಡುವಿನವರೆಗೆ ತೂತು ಕೊರೆದು, ಬೇಕರಿಯವರು ಬಳಸುವ ಉದ್ದ ಸೂಜಿಯ ಥರ್ಮಾಮೀಟರ್ ತೂರಿಸಿ, ಬಾಯಿಗೆ ಗೋಧಿಹಿಟ್ಟಿನ ಉಂಡೆ ಮೆತ್ತಿದೆ. ಹೊರಗೆ ನೀರು ಕೊತಕೊತ ಕುದಿಯುತ್ತಿದ್ದರೂ ಒಳಗೆ 56 ತಲುಪಲು 45 ನಿಮಿಷ ಹಿಡಿಯಿತು. ಮೇಲೆ ಕುದಿ ಬಂತು ಎಂದು ಇಳಿಸಿದ್ದರೆ ನಡುವಿನ ಹುಳು ಬೆಚ್ಚಗೆ ಮಲಗಿರುತ್ತಿತ್ತು. ಒಂದೊಂದು ಸುತ್ತಿಗೂ ಒಂದೂವರೆ ಗಂಟೆ ಕುದಿಸಿದೆ. ಐದು ಸುತ್ತು. ಕಪಾತಿನಲ್ಲಿ (ಕೊಂಬೆ ಸವರುವಾಗ) ಬಿದ್ದ ಸಿಲ್ವರ್ ಓಕ್ ಕೊಂಬೆಗಳೇ ಸೌದೆ.

ತೊಗಟೆ ಎಲ್ಲ ಸುಲಿಯಲಿಲ್ಲ. ಉಬ್ಬುಗೆರೆ ಚೆನ್ನಾಗಿ ಉಳಿದಿದ್ದ ಕಡೆ ಹಾಗೇ ಬಿಟ್ಟೆ. ಅದು ಏಕೆ ಎಂದು ಮುಂದೆ ಹೇಳುತ್ತೇನೆ.

ಒಣಗಿಸುವುದು

ಕಾಫಿ ಮರ ಗಟ್ಟಿ, ಆದರೆ ಆತುರ ಮಾಡಿದರೆ ಸೀಳುತ್ತದೆ. ಎರಡೂ ತುದಿಗೆ ಮೇಣ ಬಳಿದು, ಶಾಪಿನ ಅಟ್ಟದ ಮೇಲೆ ನೆರಳಲ್ಲಿ, ನಡುನಡುವೆ ರೀಪು ಕೊಟ್ಟು ಪೇರಿಸಿದೆ. ಮೂರು ಕಾಂಡಕ್ಕೆ ನಂಬರ್ ಬರೆದು ಪ್ರತಿ ಭಾನುವಾರ ತೂಗುತ್ತಿದ್ದೆ. ಒಂದನೆಯ ನಂಬರಿನದು 4 ಕೆಜಿ 100 ಗ್ರಾಂ ಇದ್ದದ್ದು ಮೇ ಹೊತ್ತಿಗೆ 2 ಕೆಜಿ 600ಕ್ಕೆ ಇಳಿಯಿತು. ವಾರಕ್ಕೆ 20 ಗ್ರಾಂ ಕೂಡ ಇಳಿಯುತ್ತಿಲ್ಲ ಎಂದಾದ ಮೇಲೆಯೇ ಕೈ ಹಾಕಿದ್ದು. ಆದರೂ 52ರಲ್ಲಿ 9 ಸೀಳಿದವು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಒಂದು ಇಂಚಿಗೂ ಹೆಚ್ಚು ಬಿದ್ದಾಗ ಊರಿಗೆಲ್ಲ ಸಂತೋಷ, ನಾನೊಬ್ಬ ಅಟ್ಟದ ಶೀಟಿನ ಕೆಳಗೆ ಸೋರುತ್ತದೇನೋ ಎಂದು ಟಾರ್ಚ್ ಹಿಡಿದು ನಿಂತಿದ್ದೆ.

ಕಂಬಿಯ ಚೌಕಟ್ಟು, ಎರಡು ಸಲ

ಮರ ಒಣಗುತ್ತಿರುವಾಗಲೇ ಒಳಗಿನ ಚೌಕಟ್ಟು ಶುರು ಮಾಡಿದೆ. ಬೆನ್ನಿಗೆ, ಕಾಲಿಗೆ 12 ಎಂಎಂ ಕಂಬಿ, ತೋಳಿಗೆ 8, ಬೆರಳಿಗೆ 6. ಎತ್ತರ 5 ಅಡಿ 1 ಇಂಚು. ಮನಸ್ಸಿನಲ್ಲಿದ್ದದ್ದು ಗಿಡಕ್ಕೆ ಬಾಗಿದ ಹೆಂಗಸು, ಎರಡೂ ಕೈ ಮುಂದೆ, ಬೆನ್ನು ಕಮಾನು. ಫೋಟೋಗಳಲ್ಲಿ ಕಾಣುವ ಹಾಗೆ. ನಾಲ್ಕು ದಿನದ ಕೆಲಸ, ಬೆಸುಗೆ ಎಲ್ಲ ಮುಗಿಸಿ, ದೊಡ್ಡಮ್ಮನನ್ನು ಕರೆದುಕೊಂಡು ಬಂದೆ.

ಅವರು ಸುತ್ತ ಒಂದು ಸಲ ಬಂದು, “ಇದು ಯಾರು, ಪೈರು ನಾಟಿ ಮಾಡೋಳಾ?” ಅಂದರು.

“ಕಾಫಿ ಕುಯ್ಯೋದು ದೊಡ್ಡಮ್ಮ.”

“ಹೀಗೆ ಬಗ್ಗಿ ನಿಂತ್ರೆ ಮಧ್ಯಾಹ್ನಕ್ಕೆ ಸೊಂಟ ಬಿದ್ದೋಗುತ್ತೆ. ಗಿಡದ ಹತ್ರ ನಾವು ಬಗ್ಗಲ್ಲ ಕಣೋ, ಗಿಡನೇ ನಮ್ಮ ಹತ್ರ ಎಳ್ಕೊಳ್ಳೋದು.”

ಆಮೇಲೆ ಶಾಪಿನ ಬಾಗಿಲಲ್ಲಿ ನಿಂತು ತೋರಿಸಿದರು. ಎಡಗೈ ಮೇಲೆ ಹೋಗಿ ರೆಕ್ಕೆಯನ್ನು ಹಿಡಿದು ಎದೆಯವರೆಗೆ ಎಳೆಯಿತು. ಬಲಗೈ ಅದರ ಬುಡದಿಂದ ತುದಿಗೆ ಜಾರುತ್ತಾ, ಹೆಬ್ಬೆರಳೂ ತೋರುಬೆರಳೂ ಹಣ್ಣು ತಿರುವುತ್ತಾ ಹೋಯಿತು. ಭಾರ ಎಲ್ಲ ಬಲಗಾಲಿನ ಮೇಲೆ. ಎಡಗಾಲು ಸ್ವಲ್ಪ ಮುಂದೆ, ಇಳಿಜಾರಿನಲ್ಲಿ ಊರಿದ ಹಾಗೆ. ಸೊಂಟಕ್ಕೆ ಕಟ್ಟಿದ ಚೀಲ ತುಂಬುತ್ತಾ ಬಂದಂತೆ ಎಡಕ್ಕೆ ಎಳೆಯುತ್ತದೆ, ಅದಕ್ಕೆ ಸರಿದೂಗಿಸಲು ಬೆನ್ನು ಬಲಕ್ಕೆ ಒಂದಿಷ್ಟು ವಾಲುತ್ತದೆ. ಕುಯ್ಲು ಬಿಟ್ಟು ಎಂಟು ವರ್ಷವಾದ ಎಪ್ಪತ್ತೊಂದರ ಮೈ ಅದು, ಇಲ್ಲದ ಗಿಡದ ಮುಂದೆ ಇಲ್ಲದ ಚೀಲದ ಭಾರಕ್ಕೆ ವಾಲಿ ನಿಂತಿತ್ತು. ನಾನು ಫೋಟೋ ತೆಗೆಯುವುದನ್ನೇ ಮರೆತೆ. ಇನ್ನೊಮ್ಮೆ ನಿಲ್ಲಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಪಾದ ಗೀಚಿಕೊಂಡೆ. ಗೋಡೆಯ ಮೇಲೆ ನೆರಳಿನ ಗೆರೆ ಎಳೆದುಕೊಂಡೆ.

ಮೊದಲಿನ ಚೌಕಟ್ಟನ್ನು ಅವತ್ತೇ ಕಟಿಂಗ್ ಮಷೀನಿಗೆ ಕೊಟ್ಟೆ. ಹೊಸದರ ಪಾದ ಆ ಸೀಮೆಸುಣ್ಣದ ಗೀಟಿನ ಮೇಲೇ ಇದೆ.

ಕಾಂಡ ಕೂರಿಸುವುದು

ಯಾವ ಕಾಂಡ ಎಲ್ಲಿಗೆ ಎಂಬುದೇ ಇಡೀ ಕೆಲಸದ ಮುಕ್ಕಾಲು ಪಾಲು. ನೆಲದ ಮೇಲೆ 43 ಕಾಂಡಗಳನ್ನೂ ಹರಡಿಕೊಂಡು ಎರಡು ವಾರ ಬರೀ ಹೊರಳಿಸಿ ನೋಡಿದೆ. ಕಪಾತು ಮಾಡಿದ ಕಡೆ ಗಂಟು ಬಿದ್ದ ಕಾಂಡ ಮೊಣಕಾಲಿಗೆ. ತುದಿ ಮುರಿದ ಮೇಲೆ ಕಂಬಚಿಗುರು (ಕಾಂಡದಿಂದ ನೇರ ಮೇಲೇಳುವ ಚಿಗುರು) ಎದ್ದು ಕವಲೊಡೆದದ್ದು ಒಂದಿತ್ತು. ಅದು ಕುತ್ತಿಗೆಯಿಂದ ಎರಡು ಹೆಗಲಿಗೆ ಇಳಿಯುವ ಕಡೆಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸೀಳಿದ 9ನ್ನೂ ಬಿಸಾಡಲಿಲ್ಲ. ಒಳಗಿನ ಸುರಂಗ ಕಾಣುವಂತೆ ಅವನ್ನು ಪಕ್ಕೆಲುಬಿನ ಜಾಗಕ್ಕೆ ಇಟ್ಟೆ.

ಉಬ್ಬುಗೆರೆಯ ವಿಷಯ: ಹುಳು ತೊಗಟೆಯ ಕೆಳಗೆ ಹಾದುಹೋದ ಕಡೆ ಗಿಡ ಅದನ್ನು ಮುಚ್ಚಿಕೊಳ್ಳಲು ಹೋಗಿ ಏಣು ಎದ್ದಿರುತ್ತದೆ. ಮೊಣಕೈಯಿಂದ ಮಣಿಕಟ್ಟಿಗೆ ಹಚ್ಚುವ ಕಾಂಡ ಹುಡುಕುತ್ತಿದ್ದಾಗ ಅಂಥದ್ದೊಂದನ್ನು ತೋಳಿನ ಪಕ್ಕ ಹಿಡಿದೆ. ದೊಡ್ಡಮ್ಮನ ಕೈಯ ಮೇಲಿನ ನರಗಳೇ. ಅದೇ ತಿರುವು, ಅದೇ ದಪ್ಪ, ಮಣಿಕಟ್ಟಿನ ಹತ್ತಿರ ಎರಡಾಗಿ ಒಡೆಯುವುದೂ ಅದೇ. ಅದಕ್ಕೇ ತೊಗಟೆ ಉಳಿಸಿದ್ದು ಸಾರ್ಥಕವಾಯಿತು. ಆ ಎರಡು ತೋಳಿಗೆ ಉಳಿ ಮುಟ್ಟಿಸಲಿಲ್ಲ.

ಸೇರಿಸುವುದಕ್ಕೆ ಸ್ಕ್ರೂ ಹಾಕಲಿಲ್ಲ. ಕಾಫಿ ಮರದಲ್ಲೇ ಬೆರಳು ಗಾತ್ರದ ಗೂಟ ಕೆತ್ತಿ, ತೂತು ಕೊರೆದು ಬಡಿದು ಕೂರಿಸಿದೆ. ಕಂಬಿಗೆ ಕಟ್ಟುವ ಕಡೆ ಮಾತ್ರ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ. ಸುರಂಗ ಇರುವ ಕಾಂಡಕ್ಕೆ ಡ್ರಿಲ್ ಹಿಡಿಯುವಾಗ ಎಚ್ಚರ ಬೇಕು: ಗಟ್ಟಿ ಮರದಲ್ಲಿ ಹೋಗುತ್ತಿರುವ ಬಿಟ್ ಏಕಾಏಕಿ ಪೊಳ್ಳಿಗೆ ಬಿದ್ದು ಆಚೆ ಬದಿಗೆ ಹೊಡೆಯುತ್ತದೆ. ಬಲ ತೊಡೆಯ ಒಂದು ಕಾಂಡ ಹಾಗೇ ಹೋಯಿತು. ಆಮೇಲೆ ಮೊದಲು 3 ಎಂಎಂ ಬಿಟ್ಟಿನಲ್ಲಿ ಇಣುಕಿ ನೋಡಿ, ಆಮೇಲೆ ದೊಡ್ಡದು.

ಮುಖ, ತಲೆವಸ್ತ್ರ, ಮತ್ತು ಮೈಲುತುತ್ತದ ತಪ್ಪು

ಮುಖಕ್ಕೆ ಕಾಂಡ ಒಪ್ಪಲಿಲ್ಲ. ಇಲ್ಲಿ ನನಗೆ ನೆನಪಾದದ್ದು ಕೊಪ್ಪಳದ ಕಿನ್ನಾಳ. ಅಲ್ಲಿಯ ಚಿತ್ರಗಾರರು ಹಗುರ ಮರದ ಬೊಂಬೆಯ ಮೇಲೆ ಗೋಣಿನಾರಿನ ಪುಡಿ, ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ ಮೆತ್ತುತ್ತಾರೆ. ಗೋಣಿ ನಮ್ಮಲ್ಲಿ ಇಲ್ಲದ ಮನೆಯೇ ಇಲ್ಲ. ಹರಿದ ಕಾಫಿ ಚೀಲಗಳ ನಾರನ್ನು ಒಂದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ನೆನೆಸಿ, ಒರಳಲ್ಲಿ ಕುಟ್ಟಿದೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಎರಡು ದಿನ ನೆನೆಸಿ, ರುಬ್ಬಿ, ಕುದಿಸಿ ಅಂಟು ಮಾಡಿದೆ. ಮೂರನೆಯದಾಗಿ ನನ್ನ ಸೇರ್ಪಡೆ: ಕುಶಾಲನಗರ ಕಡೆಯ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ತಂದ ಪಾರ್ಚ್‌ಮೆಂಟ್ ಹೊಟ್ಟು (ಬೀಜದ ಮೇಲಿನ ಒಣ ಸಿಪ್ಪೆ), ಗಿರಣಿಯಲ್ಲಿ ಬೀಸಿದ್ದು. ಮೂರೂ ಕಲಸಿದರೆ ಹೋಳಿಗೆ ಹಿಟ್ಟಿನ ಹದ. ಒಣಗಿದರೆ ಹಲಗೆಯಷ್ಟು ಗಟ್ಟಿ, ಬಣ್ಣ ಒಣ ಮಣ್ಣಿನದು.

ಹುಣಸೆಬೀಜದ ಅಂಟನ್ನು ಹುಳವೂ ಬೂಷ್ಟೂ ಬಿಡುವುದಿಲ್ಲ. ಹಳೆ ಬೈಂಡಿಂಗ್ ಕೆಲಸದವರು ಮೈದಾ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದದ್ದು ಗೊತ್ತಿತ್ತು. ಗಿಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಊರು ನಮ್ಮದು, ಮೈಲುತುತ್ತಕ್ಕೆ ಏನು ಬರ. ಒಂದು ಚಮಚ ಕರಗಿಸಿ ಸೇರಿಸಿದೆ. ತಲೆ, ಮುಖ, ತಲೆವಸ್ತ್ರದ ಮಡಿಕೆ ಎಲ್ಲ ಮೆತ್ತಿ ಹನ್ನೆರಡು ದಿನದ ಕೆಲಸ ಮುಗಿಯಿತು.

ಮೇ ಮೂರನೆಯ ವಾರ ಕುತ್ತಿಗೆಯ ಹತ್ತಿರ ಕಂದು ಕಲೆ ಕಂಡಿತು. ಮೊದಲು ಹೊಗೆಯ ಗುರುತು ಅಂದುಕೊಂಡೆ. ನಾಲ್ಕು ದಿನಕ್ಕೆ ಕೆನ್ನೆಯ ಕೆಳಗೂ ಬಂತು. ಕೆತ್ತಿ ನೋಡಿದರೆ ಒಳಗಿನ 8 ಎಂಎಂ ಕಂಬಿಯ ಮೇಲೆ ಕೆಂಪಗೆ ತಾಮ್ರದ ಪದರ, ಅದರ ಸುತ್ತ ತುಕ್ಕು. ಹಸಿ ಇರುವಾಗ ಮೈಲುತುತ್ತದಲ್ಲಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೊರಗೆ ಬರುತ್ತದೆ. ಮೈಲುತುತ್ತ ಕಲಸಲು ಕಬ್ಬಿಣದ ಬಕೆಟ್ ಬಳಸಬೇಡಿ ಎಂದು ತೋಟದಲ್ಲಿ ಎಲ್ಲರಿಗೂ ಗೊತ್ತು. ಅದೇ ಮಾತು ನನ್ನ ಕಂಬಿಗೂ ಅನ್ವಯಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಕಲೆಯ ಮೇಲೆ ಇನ್ನೊಂದು ಪದರ ಮೆತ್ತಬಹುದಿತ್ತು. ಮೆತ್ತಿದರೆ ಒಳಗೆ ತುಕ್ಕು ಉಬ್ಬಿ, ವರ್ಷದಲ್ಲಿ ಮುಖ ಬಿರಿಯುತ್ತಿತ್ತು.

ಇಡೀ ತಲೆಯನ್ನು ಒಡೆದೆ. ಕಂಬಿಯನ್ನು ಎಮರಿ ಹಾಳೆಯಲ್ಲಿ ಹೊಳೆಯುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಎರಡು ಕೋಟು, ಎನಾಮೆಲ್ ಒಂದು ಕೋಟು, ಒಣಗಿದ ಮೇಲೆ ಹತ್ತಿ ಪಟ್ಟಿ ಬಿಗಿಯಾಗಿ ಸುತ್ತಿದೆ. ಹೊಸ ಮಿಶ್ರಣಕ್ಕೆ ಮೈಲುತುತ್ತದ ಬದಲು ಬೋರಿಕ್ ಪುಡಿ, ಅದೇ ಕೇರಂ ಬೋರ್ಡಿಗೆ ಹಾಕುವುದು, ನೂರು ಗ್ರಾಂ ಅಂಟಿಗೆ ಎರಡು ಗ್ರಾಂ. ಎರಡನೆಯ ಮುಖ ಮೊದಲಿನದ್ದಕ್ಕಿಂತ ಸರಳವಾಯಿತು. ಕಣ್ಣು ಬಿಡಿಸಲಿಲ್ಲ. ತಲೆವಸ್ತ್ರದ ಅಂಚು ಹಣೆಗೆ ಇಳಿದಿದೆ, ನೋಟ ರೆಕ್ಕೆಯ ಕಡೆಗಿದೆ ಎಂದು ಗದ್ದದ ತಿರುವಿನಿಂದಲೇ ಗೊತ್ತಾಗುತ್ತದೆ.

ಮಳೆಗಾಲ

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಕೊಡಗಿನಲ್ಲಿ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಇಪ್ಪತ್ತು ದಿನಕ್ಕೆ ತಲೆವಸ್ತ್ರದ ಮಡಿಕೆಯೊಳಗೆ ಬೂದಿ ಬಣ್ಣದ ನವಿರು ಎದ್ದಿತು. ಬೋರಿಕ್ ಹಾಕಿದ ಮುಖದ ಮೇಲೆ ಇರಲಿಲ್ಲ. ತಲೆವಸ್ತ್ರದ ತುದಿಗೆ ಹಳೆಯ ಡಬ್ಬದಲ್ಲಿ ಉಳಿದಿದ್ದ, ಏನೂ ಸೇರಿಸದ ಅಂಟು ಬಳಸಿದ್ದೆ. ಬೂಷ್ಟು ಬಂದದ್ದು ಅಷ್ಟೇ ಜಾಗಕ್ಕೆ.

ಮ್ಯೂಸಿಯಂನಲ್ಲಿ ಸಂರಕ್ಷಣೆ ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ. ಅವರಿಗೆ ಫೋನ್ ಮಾಡಿದೆ. “ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬೀಜ ಎಲ್ಲಾ ಕಡೆ ಹರಡುತ್ತೆ. ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಷ್‌ನಲ್ಲಿ ತೆಗೀರಿ, ಆಮೇಲೆ ಸ್ಪಿರಿಟ್ ಮುಟ್ಟಿಸಿ. ಮುಖ್ಯ, ಗಾಳಿಯ ತೇವ ಶೇಕಡಾ 65ರ ಕೆಳಗೆ ಇಡಿ. ಅದರ ಮೇಲೆ ಹೋದರೆ ನೀವು ಏನು ಬಳಿದರೂ ಅಷ್ಟೇ” ಅಂದರು.

ತೇವ ಅಳೆಯುವ ಗಡಿಯಾರ ತರಿಸಿ ನೋಡಿದರೆ ಶಾಪಿನಲ್ಲಿ 91. ಪೈಪಿನ ಚೌಕಟ್ಟು ಮಾಡಿ, ಕಾಫಿ ಮುಚ್ಚುವ ಟಾರ್ಪಾಲಿನಲ್ಲಿ ಸುತ್ತಲೂ ಗೂಡು ಕಟ್ಟಿ, ಕೆಳಗೆ 100 ವ್ಯಾಟಿನ ಎರಡು ಬಲ್ಬು, ಮೇಲೆ ಒಂದು ಸಣ್ಣ ಬಾಯಿ. ಮೂರು ದಿನಕ್ಕೆ 63. ಕರೆಂಟ್ ಹೋದರೆ ಆರು ಗಂಟೆಯಲ್ಲಿ 80ಕ್ಕೆ ಏರುತ್ತಿತ್ತು. ಜುಲೈನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಾಗ ಒಲೆಯ ಕೆಂಡವನ್ನು ಬಾಣಲೆಯಲ್ಲಿ ಇಟ್ಟು, ಬಲ್ಬಿನ ಜಾಗಕ್ಕೆ ಸರಿಸಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ.

ಆ ರಾತ್ರಿಗಳಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಬಗ್ಗೆ ಯೋಚಿಸುತ್ತಿದ್ದೆ. ಅವರು ತೊಂಬತ್ತರ ದಶಕದಲ್ಲೇ ಸಗಣಿಯಲ್ಲಿ ಶಿಲ್ಪ ಮಾಡಿದವರು. 2009ರಲ್ಲಿ ಕೂದಲಿನ ಹಗ್ಗಗಳಿಂದ ಕಾರಿನ ಬಂಪರುಗಳನ್ನು ತೂಗುಹಾಕಿದರು. ದೃಷ್ಟಿ ತಾಗದಿರಲಿ ಎಂದು ನಮ್ಮ ಗಾಡಿಗಳ ಬಂಪರಿಗೆ ಕಟ್ಟುವ ಕೂದಲ ಜಡೆ ಯಾರಿಗೆ ಗೊತ್ತಿಲ್ಲ? ಕಬ್ಬಿಣವನ್ನು ಕೂದಲು ಹೊತ್ತು ನಿಂತಿದೆ. ಸಗಣಿ, ಕೂದಲು, ಗೋಣಿ, ಇವೆಲ್ಲ ಕೊಳೆಯುವ, ಹುಳ ಹಿಡಿಯುವ ವಸ್ತುಗಳು. ಕಂಚು ಎರಕ ಹೊಯ್ದವನಿಗೆ ಕೆಲಸ ಅವತ್ತಿಗೆ ಮುಗಿಯಿತು. ಇಂಥ ವಸ್ತು ಹಿಡಿದವರು ಅದನ್ನು ಸಾಕಬೇಕು. ಅದು ನನಗೆ ಹೊರೆ ಅನ್ನಿಸಲಿಲ್ಲ, ಕೆಂಡ ಆರದಂತೆ ಊದುತ್ತಾ ಕೂತಾಗಲೂ.

ಸೆಪ್ಟೆಂಬರ್: ಗೋಣಿ ಮತ್ತು ತಾಮ್ರ

ಸೀರೆಯ ಮೇಲೆ ಕಟ್ಟುವ ಹೊದಿಕೆಗೆ ನಿಜವಾದ ಗೋಣಿಚೀಲ. 50 ಕಿಲೋ ಚೀಲ ಎರಡನ್ನು ಬಿಚ್ಚಿ, ಮೇಲಿನ ಮಸಿ ಅಕ್ಷರಗಳು ಬೆನ್ನಿನ ಕಡೆ ಬರುವಂತೆ ಹೊಲಿದೆ. ಘಾನಾದ ಇಬ್ರಾಹಿಂ ಮಹಾಮ ಕೋಕೋ ತುಂಬಿದ, ಆಮೇಲೆ ಇದ್ದಿಲು ತುಂಬಿದ ಗೋಣಿಗಳನ್ನು ಹೊಲಿದು ದೊಡ್ಡ ದೊಡ್ಡ ಕಟ್ಟಡಗಳಿಗೇ ಹೊದಿಸಿದ್ದಾರೆ. ಅವರ ಗೋಣಿಯ ತೇಪೆ, ಮಸಿ, ಹೊಲಿಗೆ ಒಂದನ್ನೂ ತೊಳೆದು ಹಸನು ಮಾಡಿಲ್ಲ. ನಾನೂ ತೊಳೆಯಲಿಲ್ಲ. ಬಿಸಿಲಿಗೆ ಹಾಕಿ, ಕೊಡವಿ, ಹಾಗೇ ಬಳಸಿದೆ. ಮೂಗು ಹತ್ತಿರ ತಂದರೆ ಈಗಲೂ ಚೆರ್ರಿ ಕಾಫಿಯ (ಹಣ್ಣಿನ ಸಮೇತ ಒಣಗಿಸಿದ್ದು) ವಾಸನೆ.

ಸೊಂಟದ ಚೀಲವನ್ನು ಮಾತ್ರ ಗೋಣಿಯಲ್ಲಿ ಮಾಡಲಿಲ್ಲ. ಗುಜರಿಗೆ ಬಂದಿದ್ದ ಹಳೆ ಪಲ್ಪರ್ ಡ್ರಮ್ಮಿನ ತಾಮ್ರದ ತಗಡು ನನ್ನ ಹತ್ತಿರ ಆರು ವರ್ಷದಿಂದ ಇತ್ತು. ಹಣ್ಣಿನ ಸಿಪ್ಪೆ ಬಿಡಿಸಲು ಅದರ ತುಂಬಾ ಸಾಲು ಸಾಲು ಗುಳ್ಳೆ ಎಬ್ಬಿಸಿರುತ್ತಾರೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ತಾಮ್ರ ಕಬ್ಬಿಣದ ಹಾಗಲ್ಲ, ಹೀಗೆ ಅದ್ದಿದರೆ ಮೆತ್ತಗಾಗುತ್ತದೆ. ಮರಳು ಮೂಟೆಯ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ಒಳಗಿನಿಂದ ಬಡಿದು ಬಡಿದು ಚೀಲದ ಹೊಟ್ಟೆ ಬರಿಸಿದೆ. ಗುಳ್ಳೆಗಳು ಸಪಾಟಾಗದ ಹಾಗೆ ಅವುಗಳ ನಡುವಿನ ಸಾಲಿನಲ್ಲಷ್ಟೇ ಪೆಟ್ಟು ಬೀಳಬೇಕು. ನಾಲ್ಕು ಸಲ ಕಾಯಿಸಬೇಕಾಯಿತು. ಮುಗಿದಾಗ ಚೀಲದೊಳಗಿನ ಹಣ್ಣು ಬಟ್ಟೆಯನ್ನು ಹೊರಗೆ ಒತ್ತುತ್ತಿರುವ ಹಾಗೇ ಕಾಣುತ್ತಿತ್ತು. ನೂರಾರು ಟನ್ ಹಣ್ಣು ಉಜ್ಜಿಹೋದ ಕಡೆ ಗುಳ್ಳೆಗಳ ನೆತ್ತಿ ಸವೆದು ತೆಳ್ಳಗಾಗಿ ಬೆಳಕಿಗೆ ಮಿನುಗುತ್ತವೆ. ಹುಣಸೆಹುಳಿ ಹಾಕಿ ತೊಳೆದರೆ ಥಳಥಳ ಹೊಳೆಯುತ್ತಿತ್ತು. ಹೊಳೆಸಲಿಲ್ಲ.

ಎಡಗೈಯಲ್ಲಿರುವ ರೆಕ್ಕೆ ಅದೇ ರಾಶಿಯದ್ದು. ಅದರಲ್ಲಿ ಎಲೆಯಿಲ್ಲ, ಹಣ್ಣಿಲ್ಲ. ಶಾಪಿಗೆ ಬಂದವರಲ್ಲಿ ಹೆಚ್ಚಿನವರು ಕೆಂಪು ಮಣಿ ಅಂಟಿಸು, ಹಣ್ಣಿನ ಹಾಗೆ ಕಾಣುತ್ತೆ ಅಂದರು. ಸತ್ತ ಗಿಡದ ರೆಕ್ಕೆಯಲ್ಲಿ ಹಣ್ಣು ಎಲ್ಲಿಂದ ಬರಬೇಕು? ಆಕೆ ಎಳೆದು ಹಿಡಿದಿರುವುದು ಬರಿಯ ಕಡ್ಡಿ. ಬೋರರ್ ಹೊಡೆದ ತೋಟದಲ್ಲಿ ಕೂಲಿಯೂ ಕಡಿಮೆಯಾಗುತ್ತದೆ, ಅದನ್ನು ನಮ್ಮ ಮನೆ ಕಂಡಿದೆ.

ನವೆಂಬರ್: ಬಿಳಿ ಕಾಗದ

ಮ್ಯೂಸಿಯಂಗೆ ಒಳಬಿಡುವ ಮೊದಲು ಮೂರು ವಾರ ಬೇರೆ ಕೋಣೆಯಲ್ಲಿ ಇಡಬೇಕು. ಶಿಲ್ಪದ ಕೆಳಗೆ ಬಿಳಿ ಕಾಗದ ಹಾಸಿ, ದಿನಾ ಬೆಳಿಗ್ಗೆ ಪುಡಿ ಬಿದ್ದಿದೆಯಾ ಎಂದು ನೋಡಬೇಕು. ಜೀವಂತ ಹುಳ ಇದ್ದರೆ ಕಾಗದ ಹೇಳುತ್ತದೆ.

ಒಂಬತ್ತನೆಯ ದಿನ ಮೇಡಂ ಫೋನ್ ಮಾಡಿದರು. ಪುಡಿ ಇದೆ.

ಮಡಿಕೇರಿಗೆ ಹೋಗುವಷ್ಟರಲ್ಲಿ ನನಗೆ ಡ್ರಮ್ಮಿನ ಐದು ಸುತ್ತೂ ನೆನಪಾದವು, ಯಾವ ಸುತ್ತಿನಲ್ಲಿ ಬೆಂಕಿ ತಗ್ಗಿತ್ತು ಎಂದು ಎಣಿಸುತ್ತಲೇ ಹೋದೆ. ಅವರು ಭೂತಗನ್ನಡಿ ಕೊಟ್ಟು ತೋರಿಸಿದರು. ಎರಡು ಜಾಗದಲ್ಲಿ ಪುಡಿ. ಒಂದು ಪಕ್ಕೆಲುಬಿನ ಕೆಳಗೆ: ಕಂದು ಬಣ್ಣ, ಉಂಡೆ ಉಂಡೆ, ಚೆಲ್ಲಾಪಿಲ್ಲಿ. ಅದು ಹಳೆಯ ಹಿಕ್ಕೆ, ಗಾಡಿಯ ಕುಲುಕಾಟಕ್ಕೆ ಸುರಂಗದಿಂದ ಉದುರಿದ್ದು. ಇನ್ನೊಂದು ಪಾದದ ಹತ್ತಿರ: ತಿಳಿ ಬಣ್ಣ, ಟಾಲ್ಕಂ ಪೌಡರಿನಷ್ಟು ನಯ, ಸಣ್ಣ ಗೋಪುರದ ಹಾಗೆ ಒಂದೇ ಕಡೆ. ಇದು ತಾಜಾ. ಮೇಲೆ ನೋಡಿದರೆ ಅಲ್ಲಿ ಕಾಫಿ ಕಾಂಡವೇ ಇಲ್ಲ. ನಾನು ಕೆಳಗೆ ಪೀಠವಾಗಿ ಕೊಟ್ಟಿದ್ದ ಹಲಗೆಗೆ ಕುಟ್ಟೆ ಹುಳು ಹಿಡಿದಿತ್ತು. 52 ಕಾಂಡವನ್ನು ನೆನೆಸಿ, ಬೇಯಿಸಿ, ತೂಗಿ, ಒಣಗಿಸಿದ ನಾನು, ಮೂಲೆಯಲ್ಲಿ ಬಿದ್ದಿದ್ದ ಆ ಹಲಗೆಯನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ.

ಹಲಗೆಯನ್ನು ಅವತ್ತೇ ತೆಗೆದು ಸುಟ್ಟೆ. ಬದಲಿಗೆ ಸೈಜುಗಲ್ಲು ಎರಡನ್ನು ಇಳಿಜಾರು ಬರುವಂತೆ ಕೆತ್ತಿಸಿ, ಕಂಬಿ ಇಳಿಸಿ, ಸೀಸ ಹೊಯ್ದು ಕೂರಿಸಿದೆ. ಮೂರು ವಾರದ ಲೆಕ್ಕ ಮತ್ತೆ ಒಂದರಿಂದ.

ಆ ಬಿಡುವಿನಲ್ಲಿ ಸುರಂಗಗಳ ಕೆಲಸ ಆಯಿತು. ಹಿಕ್ಕೆ ಉದುರುತ್ತಲೇ ಇದ್ದರೆ ಕೊನೆಗೆ ಪೊಳ್ಳು ಕೊಳವೆ ಮಾತ್ರ ಉಳಿಯುತ್ತದೆ. ಮೇಡಂ ಪ್ಯಾರಲಾಯ್ಡ್ ಬಿ-72 ಎಂಬ ಅಂಟಿನ ಹರಳು ಕೊಟ್ಟರು, ಮ್ಯೂಸಿಯಂಗಳಲ್ಲಿ ಹುಳ ತಿಂದ ಮರ ಗಟ್ಟಿ ಮಾಡಲು ಬಳಸುವುದು. ಅಸಿಟೋನಿನಲ್ಲಿ ನೂರಕ್ಕೆ ಐದರಂತೆ ಕರಗಿಸಿ, ಸಿರಿಂಜಿನಲ್ಲಿ ಸುರಂಗದ ಬಾಯಿಗೆ ಹನಿ ಹನಿಯಾಗಿ ಕುಡಿಸಬೇಕು. ಮೊದಲ ಪ್ರಯತ್ನಕ್ಕೆ ನಾನು ನೂರಕ್ಕೆ ಹದಿನೈದು ಕರಗಿಸಿದ್ದೆ. ಒಣಗಿದ ಮೇಲೆ ವಾರ್ನಿಷ್ ಹಚ್ಚಿದ ಹಾಗೆ ಹೊಳೆಯಿತು. ಅಸಿಟೋನ್ ಹತ್ತಿಯಲ್ಲಿ ಒರೆಸಿ ತೆಗೆಯಬಹುದು, ಈ ಅಂಟಿನ ಒಳ್ಳೆಯ ಗುಣವೇ ಅದು. ತಿಳಿ ದ್ರಾವಣವನ್ನು ಮೂರು ಸಲ ಕೊಟ್ಟ ಮೇಲೆ ಹಿಕ್ಕೆ ತನ್ನ ಜಾಗದಲ್ಲಿ ನಿಂತಿತು, ಬಣ್ಣ ಬದಲಾಗಲಿಲ್ಲ. ಸುರಂಗ ಮುಚ್ಚಿ ನಯ ಮಾಡಿದರೆ ನೋಡಲು ಚೆಂದ ಎಂದು ಒಬ್ಬರು ಸಲಹೆ ಕೊಟ್ಟರು. ಸುರಂಗ ಮುಚ್ಚುವುದಾದರೆ ಇದನ್ನು ತೇಗದಲ್ಲೇ ಮಾಡಬಹುದಿತ್ತಲ್ಲ.

ಡಿಸೆಂಬರ್

ಒಟ್ಟು ತೂಕ ಕಲ್ಲು ಬಿಟ್ಟು 58 ಕಿಲೋ. ಎರಡನೆಯ ಮೂರು ವಾರದಲ್ಲಿ ಕಾಗದ ಸ್ವಚ್ಛ.

ಪ್ರದರ್ಶನದ ಎರಡನೆಯ ದಿನ ತೋಟದವರು ಬಂದರು. ಬಹಳ ಹೊತ್ತು ಹೆಗಲಿನ ಹತ್ತಿರ ನಿಂತಿದ್ದರು. “ಈ ಕವಲು ನಂಗೊತ್ತು. ಕೆರೆ ಬದಿಯ ಎರಡನೇ ಸಾಲು. ಕಾಡಾನೆ ಮುರಿದ ಮೇಲೆ ಅಪ್ಪ ಎರಡು ಚಿಗುರು ಬಿಟ್ಟು ಎಬ್ಬಿಸಿದ್ದ ಗಿಡ” ಅಂದರು. ಆ ಜಾಗದಲ್ಲಿ ಬಿಸಿಲು ಜಾಸ್ತಿ ಬೀಳುತ್ತಿತ್ತು, ಬೋರರಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ, ಈ ಸಲ ನೆರಳಿಗೆ ಹಾಲುವಾಣ ಮರ ನೆಟ್ಟಿದ್ದೇನೆ ಎಂದು ಹೇಳಿದರು.

ದೊಡ್ಡಮ್ಮ ಭಾನುವಾರ ಬಂದರು. ಮುಖ ನೋಡಲಿಲ್ಲ, ನೇರ ಕಾಲಿನ ಹತ್ತಿರ ಹೋದರು. ಕಲ್ಲಿನ ಮೇಲೆ ಎಡಗಾಲು ಊರಿದ ರೀತಿ ನೋಡಿ ತಲೆಯಾಡಿಸಿದರು. ಆಮೇಲೆ ಚೀಲ. “ಇಷ್ಟು ತುಂಬಿದ ಮೇಲೂ ಇನ್ನೂ ಕುಯ್ತಾ ಇದಾಳಾ? ಕಣಕ್ಕೆ ಹೋಗಿ ಸುರಿದು ಬಾ ಅನ್ನು” ಅಂದರು.

ಜನವರಿ 6. ಕಾಗದದ ಮೇಲೆ ಪುಡಿ ಇಲ್ಲ. ತೇವ 57. ಎಡ ಮೊಣಕೈ ಹತ್ತಿರ ಒಂದು ಗೂಟ ಕೂದಲೆಳೆಯಷ್ಟು ಹೊರಗೆ ಬಂದಿದೆ. ಚಳಿಯ ಗಾಳಿಗೆ ಮರ ಇನ್ನಷ್ಟು ಒಣಗಿರಬೇಕು. ಮುಂದಿನ ಸೋಮವಾರ ರಜೆಯ ದಿನ ಹೋಗಿ ಬಡಿದು ಕೂರಿಸಬೇಕು.